ಉಪ್ಪಿನ ಮುದುಕಿ ಮತ್ತು ಇಪ್ಪತ್ತೇಳು ಸೀಸೆಗಳು

ಕಳೆದ ವರ್ಷ ಸುಮಾರು ಮೂರು ತಿಂಗಳು ನಮ್ಮ ಕ್ವಾರ್ಟರ್ಸಿನ ಮುಂದಿನ ಕೋಣೆಯ ಗೋಡೆಯ ಮೇಲೆ ಐದು ದೊಡ್ಡ ನಕ್ಷೆಗಳಿದ್ದವು. ಕ್ಯಾಲೆಂಡರ್ ತೆಗೆದು ಆ ಜಾಗದಲ್ಲಿ ಅಂಟಿಸಿದ್ದೆವು. ಬಂದವರೆಲ್ಲ ನಾವು ಎಲ್ಲೋ ಸೈಟು ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದೇವೆ ಎಂದುಕೊಂಡು, ಯಾವ ಕಡೆ ಎಂದು ಕೇಳುತ್ತಿದ್ದರು. ಮನೆಯಲ್ಲ, ಒಬ್ಬ ಮುದುಕಿಯನ್ನು ಸೋಲಿಸುವ ಉಪಾಯ ಎಂದು ನಾನು ಹೇಳಿದರೆ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಮುದುಕಿ ಇದ್ದದ್ದು ಟಿವಿಯೊಳಗೆ, ಒಂದು ವಿಡಿಯೋ ಗೇಮಿನಲ್ಲಿ. ಅವಳ ಹಿಂದೆ ಬಿದ್ದವರು ಅರವತ್ತೆರಡು ವರ್ಷದ ನನ್ನ ಗಂಡ ಮತ್ತು ಐವತ್ತಾರು ವರ್ಷದ ನಾನು.

ನಾನು ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದವಳು. ಯಂತ್ರದಿಂದ ಬಂದ ಭಾಗಗಳನ್ನು ಗೇಜು ಹಿಡಿದು ಅಳೆದು, ಸರಿ ಇದ್ದರೆ ಒಳಗೆ, ಕೂದಲೆಳೆಯಷ್ಟು ತಪ್ಪಿದರೂ ಹೊರಗೆ ಹಾಕುವುದು ನನ್ನ ಪಾಲಿನ ಧರ್ಮ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಾರ್ಖಾನೆಯಲ್ಲಿ ತೆಲುಗಿನವರೂ ಹೇಳುತ್ತಾರೆ, ಕನ್ನಡದವರೂ ಹೇಳುತ್ತಾರೆ. ನಮ್ಮನೆಯವರು ಅಲ್ಲೇ ಡ್ರಾಫ್ಟ್ಸ್‌ಮನ್ ಆಗಿ ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ನಿವೃತ್ತರಾದರು. ಇಬ್ಬರೂ ಬಾಗಲಕೋಟೆ ಕಡೆಯವರು. ಮನೆಯೊಳಗೆ ನಮ್ಮ ಮಾತು ಇನ್ನೂ ಅದೇ ಕಡೆಯದು, ಬಾಗಿಲು ದಾಟಿದರೆ ತೆಲುಗೋ ಹಿಂದಿಯೋ ಬಾಯಿಗೆ ಬಂದದ್ದು.

ಗೇಮಿನ ಪೆಟ್ಟಿಗೆ ನಮ್ಮ ಮಗಳದು. ಅವಳು ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದಲ್ಲಿದ್ದಾಳೆ. ಪಾಳಿಯ ಕೆಲಸವಾದ್ದರಿಂದ ಅಲ್ಲೇ ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದಾಳೆ. ಆ ಕೋಣೆಯಲ್ಲಿ ಟಿವಿ ಇಲ್ಲದ್ದರಿಂದ ಪೆಟ್ಟಿಗೆ ನಮ್ಮಲ್ಲೇ ಉಳಿಯಿತು. ವಾರದ ರಜೆಗೆ ಬಂದಾಗ ಆಡುತ್ತಿದ್ದಳು. ನಿವೃತ್ತಿಯಾದ ಹೊಸದರಲ್ಲಿ ನಮ್ಮನೆಯವರು ಅವಳ ಪಕ್ಕ ಕುಳಿತು ನೋಡಿದರು, ಆಮೇಲೆ ಕೈಗೆ ತೆಗೆದುಕೊಂಡರು, ಆಮೇಲೆ ಅವಳು ಬಂದರೂ ಬಿಡದಂತಾದರು.

ಅದು ಓಡುವ, ಗುಂಡು ಹಾರಿಸುವ ಆಟವಲ್ಲ. ನಾಲ್ಕು ಜನರ ಒಂದು ತಂಡ: ಕತ್ತಿಯವಳು, ಬಿಲ್ಲಿನವಳು, ಒಬ್ಬ ವೈದ್ಯ, ಒಬ್ಬ ಕಳ್ಳ. ಊರೂರು ಸುತ್ತಿ, ಕಾಡು ದಾಟಿ, ದಾರಿಯಲ್ಲಿ ಸಿಕ್ಕವರ ಜೊತೆ ಹೊಡೆದಾಡಿ, ಕಲಿಯುತ್ತ ಬಲವಾಗುತ್ತ ಹೋಗಬೇಕು. ಹೊಡೆದಾಟವೂ ಸರದಿಯ ಪ್ರಕಾರ. ನೀವು ಒಂದು ಮಾಡಿ, ಅವರು ಒಂದು ಮಾಡುತ್ತಾರೆ. ನಡುವೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ಶತ್ರು ಕತ್ತಿ ಎತ್ತಿಕೊಂಡು ಹಾಗೇ ನಿಂತಿರುತ್ತಾನೆ. ಅಂಥ ಸಂಭಾವಿತ ಶತ್ರುಗಳು ನನಗೆ ಹಿಡಿಸಿದರು. ಸೊಪ್ಪು ಸೋಸುತ್ತ ದೂರದಿಂದ ಬೈಯುತ್ತಿದ್ದವಳು ಮೆಲ್ಲಗೆ ಸೋಫಾಕ್ಕೆ ಬಂದೆ. ಒಂದೆರಡು ವಾರದಲ್ಲಿ ತಂಡದ ಚೀಲ ನನ್ನ ಸುಪರ್ದಿಗೆ ಬಂತು.

ಚೀಲದಲ್ಲಿ ಔಷಧಿಗಳಿರುತ್ತವೆ. ಸೊಪ್ಪಿನ ರಸ ಎಲ್ಲ ಕಡೆ ಸಿಗುತ್ತದೆ, ಕುಡಿದರೆ ಗಾಯ ಒಂದಿಷ್ಟು ಮಾಯುತ್ತದೆ. ಇನ್ನೊಂದು ಅಪರೂಪದ ಸೀಸೆ. ನಾವು ಅದಕ್ಕೆ ಅಮೃತ ಎನ್ನುತ್ತಿದ್ದೆವು. ಒಂದು ಸೀಸೆ ತೆರೆದರೆ ನಾಲ್ವರೂ ಸಾವಿನ ಬಾಗಿಲಿನಿಂದ ಎದ್ದು ಹೊಸಬರಂತೆ ನಿಲ್ಲುತ್ತಾರೆ. ಅಂಗಡಿಯಲ್ಲಿ ಸಿಗುವುದಿಲ್ಲ, ಗುಹೆಯ ಮೂಲೆಯಲ್ಲೋ ಬಾವಿಯ ತಳದಲ್ಲೋ ಆಗೊಂದು ಈಗೊಂದು ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ನಾನು ಕೂಡಿಟ್ಟೆ. ಕಥೆಯ ಕೊನೆಯ ದೊಡ್ಡ ರಾಕ್ಷಸನನ್ನು ಕೊಲ್ಲುವಾಗಲೂ ಒಂದನ್ನು ಮುಟ್ಟಗೊಡಲಿಲ್ಲ. ಕತ್ತಿಯವಳು ಎರಡು ಸಲ ಸತ್ತಳು, ಸೊಪ್ಪಿನ ರಸದಲ್ಲೇ ಸಾಗಿಸಿದೆವು. ಆಟ ಮುಗಿದಾಗ ಚೀಲದಲ್ಲಿ ಇಪ್ಪತ್ತೇಳು ಸೀಸೆಗಳಿದ್ದವು. ನನಗೆ ರಾಕ್ಷಸನನ್ನು ಕೊಂದದ್ದಕ್ಕಿಂತ ಅದು ಹೆಚ್ಚು ಖುಷಿ ಕೊಟ್ಟಿತು.

ಇದು ನನ್ನ ಜಾಯಮಾನ. ನಮ್ಮ ಮನೆಯಲ್ಲಿ ಹೂವಿನ ಚಿತ್ರದ ಆರು ಕಪ್ಪುಗಳಿವೆ, ಹದಿನೆಂಟು ವರ್ಷದಿಂದ ಅವುಗಳಲ್ಲಿ ಯಾರೂ ಚಹಾ ಕುಡಿದಿಲ್ಲ. ಗಾಜಿನ ಕಪಾಟಿನ ಕೀಲಿ ನನ್ನ ಸೊಂಟದಲ್ಲಿರುತ್ತದೆ. ಕಾರ್ಖಾನೆಯ ರಜೆಯೂ ಹಾಗೇ. ಗಳಿಕೆ ರಜೆ ಒಂದು ಮಿತಿಯವರೆಗೆ ಕೂಡುತ್ತ ಹೋಗುತ್ತದೆ, ಮಿತಿ ಮುಟ್ಟಿದ ಮೇಲೆ ಬಂದದ್ದು ಬಂದಹಾಗೇ ಅಳಿಸಿಹೋಗುತ್ತದೆ. ನನ್ನದು ಎಷ್ಟೋ ವರ್ಷದಿಂದ ಅಳಿಸಿಹೋಗುತ್ತಲೇ ಇತ್ತು. ಕಷ್ಟಕಾಲಕ್ಕೆ ಇರಲಿ ಎಂದು ನಾನು ಮುಟ್ಟಿರಲಿಲ್ಲ. ಗೋಲ್ಕೊಂಡಾ ನೋಡೋಣ ಎಂದು ನಮ್ಮನೆಯವರು ಹೈದರಾಬಾದಿಗೆ ಬಂದ ವರ್ಷದಿಂದ ಕೇಳುತ್ತಿದ್ದರು. ಊರಿಂದ ಯಾರಾದರೂ ಬಂದಾಗ ಹೋದರಾಯಿತು ಎನ್ನುತ್ತಿದ್ದೆ. ಊರಿಂದ ಬಂದವರನ್ನು ಪಕ್ಕದ ಮನೆಯವರ ಜೊತೆ ಕಳಿಸಿ ನಾನು ಡ್ಯೂಟಿಗೆ ಹೋಗುತ್ತಿದ್ದೆ, ಇವರು ನನ್ನನ್ನು ಬಿಟ್ಟು ಹೋಗಲಾರದೆ ಮನೆಯಲ್ಲಿ ಉಳಿಯುತ್ತಿದ್ದರು.

ಕಥೆ ಮುಗಿದ ಮೇಲೂ ಆ ಗೇಮಿನಲ್ಲಿ ಒಂದು ಜಾಗ ಉಳಿದಿತ್ತು. ಮರಳುಗಾಡಿನಾಚೆಯ ಉಪ್ಪಿನ ಗಣಿಯ ತಳದಲ್ಲಿ ಒಂದು ಬಾಗಿಲು. ಬಾಗಿಲಿನ ಮುಂದೆ ಉಪ್ಪಿನಿಂದಲೇ ಆದ ಆನೆ ಗಾತ್ರದ ಮುದುಕಿ, ಸೊಂಟದಲ್ಲಿ ಕೀಲಿಗೊಂಚಲು. ಇಂಥ ದೊಡ್ಡ ಶತ್ರುವಿಗೆ ಬಾಸ್ ಎನ್ನುತ್ತಾರೆ. ಸಾಮಾನ್ಯವಾಗಿ ಬಾಸನ್ನು ಸೋಲಿಸದೆ ಕಥೆ ಮುಂದೆ ಹೋಗುವುದಿಲ್ಲ. ಈ ಮುದುಕಿ ಮಾತ್ರ ಬೇಕಾದವರಿಗೆ ಇಟ್ಟದ್ದು. ಅವಳನ್ನು ಮುಟ್ಟದಿದ್ದರೂ ಆಟ ಪೂರ್ತಿಯಾದಂತೆಯೇ ಲೆಕ್ಕ. ಆದರೆ ಇಡೀ ಆಟದಲ್ಲಿ ಅವಳಷ್ಟು ಕಠಿಣ ಇನ್ನೊಬ್ಬರಿಲ್ಲ.

"ನಿನ್ನಂಗ ಅದಾಳ ನೋಡು," ಎಂದರು ನಮ್ಮನೆಯವರು ಮೊದಲ ಸಲ ನೋಡಿದಾಗ. "ಕೀಲಿ ಸಿಗಿಸ್ಕೊಂಡ ಕುಂತಾಳ."

"ಹಂಗಾದ್ರ ಗೆಲ್ಲೂದ ಬಿಡ್ರಿ ನೀವು," ಎಂದೆ.

ಆ ಬಾಗಿಲಿನ ಹಿಂದೆ ಏನಿದೆ ಎಂದು ನೋಡುವ ಆಸೆ ಅವರಿಗೆ ಹತ್ತಿದ್ದಕ್ಕೆ ಬೇರೆ ಕಾರಣವಿತ್ತು. ಆ ವರ್ಷದ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು, ಇವರ ಕಣ್ಣಿನ ನಡುಭಾಗ ಸವೆಯುತ್ತಿದೆ ಎಂದು ಹೇಳಿದ್ದರು. ಎಡಗಣ್ಣು ಆಗಲೇ ಹೋಗಿತ್ತಂತೆ, ಬಲಗಣ್ಣಿನ ದೆಸೆಯಿಂದ ಗೊತ್ತಾಗಿರಲಿಲ್ಲ. ಈಗ ಬಲಗಣ್ಣಿನ ಸರದಿ. "ಬೀಚ್ ಕಾ ಜಾಯೇಗಾ, ಕಿನಾರೇ ಕಾ ರಹೇಗಾ," ಎಂದರು ಡಾಕ್ಟರು. ನಡುವಿನದು ಹೋಗುತ್ತದೆ, ಅಂಚಿನದು ಉಳಿಯುತ್ತದೆ. ಎಷ್ಟು ದಿನ ಎಂದು ಕೇಳಿದರೆ ಕೆಲವು ತಿಂಗಳು ಎಂದರು, ಮತ್ತೆ ಕೇಳಿದರೆ ಹೇಳಲಾಗದು ಎಂದರು. ನಿಧಾನ ಮಾಡಲು ಗುಳಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ನಾನು ಕಂಡಕ್ಟರನ ಜೊತೆ ವಿನಾಕಾರಣ ಜಗಳವಾಡಿದೆ.

ಮಗಳು ಆ ಬಾಗಿಲಿನ ಹಿಂದಿನದನ್ನು ಫೋನಿನಲ್ಲೇ ತೋರಿಸುತ್ತೇನೆ, ಗೆದ್ದವರು ವಿಡಿಯೋ ಹಾಕಿದ್ದಾರೆ ಎಂದಳು.

"ಬ್ಯಾಡವಾ," ಎಂದರು ಇವರು. "ಮಂದಿ ಗೆದ್ದಿದ್ದ ನೋಡೂದ ಬ್ಯಾಡ. ನಾನ ಬಾಗಲಾ ತಗದು ನೋಡ್ತೀನಿ. ಕಣ್ಣು ಇರೂತನಕ ಅದೊಂದು ಆಗಲಿ."

ಹೀಗೆ ಮುದುಕಿಯ ಕೆಲಸ ಶುರುವಾಯಿತು. ನಾನು ಡ್ಯೂಟಿ ಮುಗಿಸಿ ಐದಕ್ಕೆ ಬಂದರೆ ಚಹಾ ಕಾಯಿಸಿಟ್ಟು, ಕಿಟಕಿಯ ಪರದೆ ಎಳೆದು ತಯಾರಾಗಿರುತ್ತಿದ್ದರು. ದಿನಕ್ಕೆ ಒಂದೇ ಪ್ರಯತ್ನ, ಅದಕ್ಕಿಂತ ಹೆಚ್ಚು ಪರದೆ ನೋಡಬಾರದು ಎಂದು ನಾನೇ ಕಟ್ಟುಪಾಡು ಮಾಡಿದ್ದೆ. ಎಷ್ಟೋ ದಿನ ಅದೂ ಆಗುತ್ತಿರಲಿಲ್ಲ.

ಮೊದಲ ದಿನ ಎರಡೇ ಸರದಿಯಲ್ಲಿ ನಾಲ್ವರೂ ಸತ್ತರು. ಇವರು ನಕ್ಕರು. ನನಗೆ ನಗು ಬರಲಿಲ್ಲ. ಕಾರ್ಖಾನೆಯಲ್ಲಿ ಒಂದು ಭಾಗ ಕೆಟ್ಟು ಬಂದರೆ ಹಣೆಬರಹ ಎಂದು ನಾವು ಬಿಡುವುದಿಲ್ಲ, ಎಲ್ಲಿ ಕೆಟ್ಟಿತು ಎಂದು ಬರೆಯುತ್ತೇವೆ. ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ಮನೆ ಹಾಕಿದೆ: ಎಷ್ಟನೇ ಪ್ರಯತ್ನ, ಏನು ಬದಲಾಯಿಸಿದೆವು, ಎಷ್ಟನೇ ಸರದಿಯಲ್ಲಿ ಸತ್ತೆವು, ಯಾತರಿಂದ. ನನ್ನ ನಿಯಮ ಒಂದೇ. ಒಂದು ಸಲಕ್ಕೆ ಒಂದೇ ಬದಲಾವಣೆ. ಲೇತ್ ಯಂತ್ರದಲ್ಲಿ ವೇಗವನ್ನೂ ಆಳವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದು ಎಂದು ತಿಳಿಯುವುದಿಲ್ಲ. ಮುದುಕಿಗೂ ಅದೇ ಅನ್ವಯ. ಇವರು ಕತ್ತಿಯನ್ನೂ ಉಂಗುರವನ್ನೂ ಒಂದೇ ದಿನ ಬದಲಿಸಲು ಹೋದರೆ ಕೈಮೇಲೆ ಹೊಡೆಯುತ್ತಿದ್ದೆ.

ಮಗಳ ಗೆಳತಿಯರ ಸಲಹೆ ಸರಳವಾಗಿತ್ತು. ಕಾಡಿಗೆ ಹೋಗಿ ಹುಳಹುಪ್ಪಟೆಗಳನ್ನು ನೂರಾರು ಸಲ ಹೊಡೆದು ಬಲ ಹೆಚ್ಚಿಸಿಕೊಳ್ಳಿ, ಆಮೇಲೆ ಮುದುಕಿ ಲೆಕ್ಕಕ್ಕಿಲ್ಲ. ಇವರು ಒಪ್ಪಲಿಲ್ಲ. "ನಟ್ಟಿಗಿ ಪಾನಾ ಹತ್ತಲಿಲ್ಲಂದ್ರ ಸುತ್ತಿಗಿ ತಗೊಂಡಂಗ ಆತು ಅದು," ಎಂದರು. ಅಲ್ಲದೆ ಅಷ್ಟು ದಿನ ನಮ್ಮಲ್ಲಿ ಇರಲೂ ಇಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ನಾಲ್ಕನೇ ಪ್ರಯತ್ನದಲ್ಲಿ ಮೊದಲ ಗುಟ್ಟು ಸಿಕ್ಕಿತು. ಮುದುಕಿ ನಕಲು ಮಾಡುತ್ತಾಳೆ. ನಾವು ಬೆಂಕಿಯ ಮಂತ್ರ ಎಸೆದರೆ ಮುಂದಿನ ಸರದಿಗೆ ಅವಳೂ ಬೆಂಕಿ ಎಸೆಯುತ್ತಾಳೆ. ನಮ್ಮ ವೈದ್ಯ ಮಂತ್ರ ಹೇಳಿ ನಮ್ಮ ಗಾಯ ಮಾಯಿಸಿದರೆ ಅವಳ ಗಾಯವೂ ಮಾಯುತ್ತದೆ. ಹತ್ತು ಏಟು ಹಾಕಿ ನಾವೇ ಅವಳಿಗೆ ಮುಲಾಮು ಹಚ್ಚಿದಂತಾಗುತ್ತಿತ್ತು. ಆದ್ದರಿಂದ ಮಂತ್ರ ಪೂರ್ತಿ ಬಂದ್. ಬರೀ ಆಯುಧ ಮತ್ತು ಚೀಲದ ಔಷಧಿ, ಕವಚಗಳು. ಚೀಲದಲ್ಲಿರುವುದನ್ನು ಅವಳು ನಕಲು ಮಾಡಲಾರಳು.

ಎರಡನೆಯ ಗುಟ್ಟು ಇವರು ಕಂಡುಹಿಡಿದದ್ದು. ಪ್ರತಿ ನಾಲ್ಕನೇ ಸರದಿಗೆ ಮುದುಕಿ ಕೀಲಿಗೊಂಚಲನ್ನು ನೆಲಕ್ಕೆ ಬಡಿಯುತ್ತಾಳೆ, ಆಗ ನಮ್ಮ ಮೇಲಿನ ರಕ್ಷಾಕವಚಗಳೆಲ್ಲ ಬಿದ್ದುಹೋಗುತ್ತವೆ. ಮೂರನೇ ಸರದಿಯಲ್ಲಿ ಕವಚ ಹಾಕಿದರೆ ದಂಡ, ಐದನೆಯದರಲ್ಲಿ ಹಾಕಿದರೆ ಮೂರು ಸರದಿ ಬಾಳುತ್ತದೆ. ಹತ್ತನೇ ಪ್ರಯತ್ನದ ಮರುದಿನ ನಾನು ಬರುವಷ್ಟರಲ್ಲಿ ಮೊದಲ ನಕ್ಷೆ ಗೋಡೆಯ ಮೇಲಿತ್ತು. ದೊಡ್ಡ ಹಾಳೆಯಲ್ಲಿ ಇಪ್ಪತ್ತೆಂಟು ಸರದಿಗಳ ಅಡ್ಡಗೆರೆ, ನಮ್ಮ ನಾಲ್ವರಿಗೆ ನಾಲ್ಕು ಸಾಲು, ಅವಳಿಗೆ ಒಂದು ಸಾಲು. ಯಾರು ಯಾವಾಗ ಏನು ಮಾಡಬೇಕು ಎಂದು ಗಟ್ಟಿ ಸೀಸದ ಪೆನ್ಸಿಲಿನಲ್ಲಿ ಸಾಸಿವೆಯಂಥ ಅಕ್ಷರದಲ್ಲಿ ಬರೆದಿದ್ದರು. ಮೂವತ್ತು ವರ್ಷದ ಕೈ ಅದು. ನೋಡಿ ನನಗೆ ಹೆಮ್ಮೆಯಾಯಿತು, ಗೋಡೆಯ ಸುಣ್ಣ ಕಿತ್ತುಬಂದೀತು ಎಂದು ಬೈದೆ.

ಹದಿನಾಲ್ಕನೆಯದರಲ್ಲಿ ಬಿಲ್ಲಿನವಳ ವಿಷದ ಬಾಣ ಅವಳಿಗೆ ತಾಗುತ್ತದೆ ಎಂದು ತಿಳಿಯಿತು. ಉಪ್ಪಿಗೆಂಥ ವಿಷ ಎಂದು ಅಲ್ಲಿಯವರೆಗೆ ನಾವು ಪ್ರಯತ್ನಿಸಿರಲೇ ಇಲ್ಲ. ಹದಿನೇಳನೆಯದರಲ್ಲಿ, ಅರ್ಧ ಶಕ್ತಿ ಕಳೆದಾಗ ಅವಳು ಗೋಡೆಯ ಉಪ್ಪು ನೆಕ್ಕಿ ಚೇತರಿಸಿಕೊಳ್ಳುವುದನ್ನು ತಡೆಯಲು ಬಿಲ್ಲಿನವಳ ಒಂದು ಸರದಿಯನ್ನು ಮೀಸಲು ಇಡಬೇಕು ಎಂದಾಯಿತು. ಇಪ್ಪತ್ತನೆಯದರಲ್ಲಿ ಇವರ ಇನ್ನೊಂದು ಉಪಾಯ: ತಂಡದಲ್ಲಿ ಎಲ್ಲರಿಗಿಂತ ನಿಧಾನದವನ ಕೈಗೆ ಔಷಧಿ ಕೊಡಬೇಕು. ಚುರುಕಿನವನು ಏಟು ಬೀಳುವ ಮೊದಲೇ ಮದ್ದು ಕುಡಿಸಿ ಹಾಳು ಮಾಡುತ್ತಾನೆ, ನಿಧಾನದವನು ಏಟು ಬಿದ್ದ ಮೇಲೆ ಕುಡಿಸುತ್ತಾನೆ. ಕಬ್ಬಿಣದ ಬೂಟು ಹಾಕಿಸಿ ವೈದ್ಯನನ್ನು ಬೇಕೆಂದೇ ನಿಧಾನ ಮಾಡಿದೆವು. ಜೀವನದಲ್ಲಿ ನಿಧಾನದವರಿಗೆ ಇಂಥ ಮರ್ಯಾದೆ ಸಿಕ್ಕಿದ್ದನ್ನು ನಾನು ಅದೊಂದೇ ಕಡೆ ಕಂಡದ್ದು.

ಒಂದೊಂದು ಗುಟ್ಟಿಗೂ ನಕ್ಷೆ ಬದಲಾಯಿತು. ಎರಡನೆಯದನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದರು. ಮೂರನೆಯದು ಬಾಲ್‌ಪೆನ್ನಿನದು. ನಾಲ್ಕನೆಯದು ಸ್ಕೆಚ್ ಪೆನ್ನಿನದು. ಐದನೆಯದನ್ನು ಮಗಳು ಪಾರ್ಸೆಲ್ ಪೆಟ್ಟಿಗೆಗಳ ಮೇಲೆ ಬರೆಯುವ ದಪ್ಪ ಮಾರ್ಕರಿನಲ್ಲಿ ಬರೆದರು, ಒಂದೊಂದು ಅಕ್ಷರ ಹುಣಿಸೆಬೀಜದಷ್ಟು. ಅಷ್ಟು ಹೊತ್ತಿಗೆ ಟಿವಿಯ ಮೇಲಿನ ಅಕ್ಷರಗಳನ್ನು ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮಾತಾಡುವಾಗ ಇವರು ನನ್ನ ಮುಖ ಬಿಟ್ಟು ಪಕ್ಕಕ್ಕೆ ನೋಡಲು ಶುರು ಮಾಡಿದ್ದರು. "ಮಾರಿ ನೋಡಿ ಮಾತಾಡ್ರಿ," ಎಂದು ಒಂದು ದಿನ ರೇಗಿದೆ. ನೇರ ನೋಡಿದರೆ ನನ್ನ ಮುಖದ ಜಾಗದಲ್ಲಿ ಬೂದಿ ಬಣ್ಣದ ಕಲೆ ಬರುತ್ತದೆಂದೂ, ಕಿವಿಯಾಚೆ ನೋಡಿದರೆ ನಾನು ಕಾಣುತ್ತೇನೆಂದೂ ಅವರು ಮೆಲ್ಲಗೆ ಹೇಳಿದರು. ನಾನು ಅಡಿಗೆಮನೆಗೆ ಹೋಗಿ ಅತ್ತೆ.

ಇಪ್ಪತ್ತೆರಡನೆಯ ಪ್ರಯತ್ನದಿಂದ ನಾವು ಒಂದೇ ಕಡೆ ಸಾಯತೊಡಗಿದೆವು. ಕಾಲು ಭಾಗ ಶಕ್ತಿ ಉಳಿದಾಗ ಮುದುಕಿ ಎದ್ದು ನಿಂತು ಉಪ್ಪಿನ ಬಿರುಗಾಳಿ ಎಬ್ಬಿಸುತ್ತಾಳೆ. ಅದು ಪ್ರತಿ ಸರದಿಗೂ ನಾಲ್ವರನ್ನೂ ಒಂದು ಉಸಿರಿಗೆ ತಂದು ನಿಲ್ಲಿಸುತ್ತದೆ. ಸೊಪ್ಪಿನ ರಸ ಒಬ್ಬರನ್ನು ಎಬ್ಬಿಸುವಷ್ಟರಲ್ಲಿ ಮೂವರು ಬೀಳುತ್ತಾರೆ. ಡೈರಿಯ ಕೊನೆಯ ಮನೆಯಲ್ಲಿ "ಬಿರುಗಾಳಿ" ಎಂದು ಒಂಬತ್ತು ಸಲ ಬರೆದೆ. ಬೂಟು ಬದಲಿಸಿದೆ, ಉಂಗುರ ಬದಲಿಸಿದೆ, ನಿಲ್ಲುವ ಸಾಲು ಬದಲಿಸಿದೆ. ಪ್ರತಿಯೊಂದನ್ನೂ ಒಂದೊಂದಾಗಿ, ಕ್ರಮವಾಗಿ, ತಪಾಸಣೆಯವಳ ಶಿಸ್ತಿನಲ್ಲಿ. ಚೀಲದ ತಳದ ಇಪ್ಪತ್ತೇಳು ಸೀಸೆಗಳು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಮೂವತ್ತನೆಯದು ಮಗಳ ರಜೆಯ ದಿನ ನಡೆಯಿತು. ಅದೇ ಬಿರುಗಾಳಿ, ಅದೇ ಸಾವು. ಮಗಳು ನನ್ನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು ಚೀಲ ತೆರೆದು ನೋಡಿದಳು.

"ಅವ್ವಾ, ಇವು ಇಪ್ಪತ್ತೇಳ ಅದಾವಲ್ಲ. ಯಾವುದಕ್ಕ ಇಟ್ಟೀ?"

"ಇರ್ಲಿ ಬಿಡು. ಮುಂದ ಬೇಕಾಕ್ಕಾವ."

"ಮುಂದ ಕ್ಯಾ ಹೈ ಅವ್ವಾ? ಕಥಿ ಮುಗದೈತಿ. ಇಕೀನ ಕಡೀಕಿ. ಇಕೀ ಆದಮ್ಯಾಲ ಆಟದಾಗ ಏನೂ ಇಲ್ಲ."

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. ಎಲ್ಲವನ್ನೂ ಸುರಿದು ಗೆಲ್ಲುವುದಾದರೆ ಯಾರು ಬೇಕಾದರೂ ಗೆಲ್ಲುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಕೂಗಾಡಿದೆ. ಇವರು ನನ್ನ ಕಿವಿಯಾಚೆ ನೋಡುತ್ತ ಕೇಳಿಸಿಕೊಂಡರು.

"ನಮ್ಮ ಶಾಪಿನ್ಯಾಗ ಆ ಹಳೇ ಗ್ರೈಂಡಿಂಗ್ ಮಷೀನ್ ನೆನಪೈತೇನ?" ಎಂದರು.

ನನಗೆ ನೆನಪಿತ್ತು. ದೊಡ್ಡ ಯಂತ್ರಗಳಿಗೆ ಒಂದು ಮುಖ್ಯ ಭಾಗವನ್ನು ಹೆಚ್ಚುವರಿಯಾಗಿ ಮಾಡಿಸಿ ಉಗ್ರಾಣದಲ್ಲಿ ಬೀಗ ಹಾಕಿ ಇಡುವುದು ಕಾರ್ಖಾನೆಯ ಪದ್ಧತಿ. ಏನಾದರೂ ಮುರಿದರೆ ಇರಲಿ ಎಂದು. ಆ ಯಂತ್ರದ ಚಕ್ರ ತಿರುಗಿಸುವ ಅಂಥ ಒಂದು ಸ್ಪಿಂಡಲ್‌ನ ನಕ್ಷೆ ಬರೆದವರು ಇವರೇ, ಅಳೆದು ಪಾಸು ಮಾಡಿದವಳು ನಾನೇ. ಗ್ರೀಸು ಬಳಿದು ಕಾಗದ ಸುತ್ತಿ ಒಳಗಿಟ್ಟರು. ಯಂತ್ರ ಹಳೆಯದಾಗಿ ನಡುಗುತ್ತಿದ್ದರೂ ಅದನ್ನು ಹೊರತೆಗೆಯಲು ಉಗ್ರಾಣದವರು ಒಪ್ಪಲಿಲ್ಲ, ಇನ್ನೂ ದೊಡ್ಡ ತೊಂದರೆ ಬಂದಾಗ ಬೇಕಾಗುತ್ತದೆ ಎಂದರು. ಕೊನೆಗೆ ಯಂತ್ರವನ್ನೇ ಗುಜರಿಗೆ ಹಾಕಿದಾಗ ಜೀಡಿಮೆಟ್ಲಾದ ಗುಜರಿಯವರ ಲಾರಿ ಬಂತು. ಆ ಲಾರಿಯಲ್ಲೇ, ಸುತ್ತಿದ ಕಾಗದ ಬಿಚ್ಚದೆ, ಹೊಸ ಸ್ಪಿಂಡಲೂ ಹೋಯಿತು. ಆ ದಿನ ನಾವಿಬ್ಬರೂ ಗೇಟಿನ ಹತ್ತಿರ ನಿಂತು ನೋಡಿದ್ದೆವು. ಉಗ್ರಾಣದವರಿಗೆ ಬುದ್ಧಿಯಿಲ್ಲ ಎಂದು ಅತಿ ಹೆಚ್ಚು ಬೈದವಳು ನಾನು.

"ಇನ್ನ ಯಾವ ದಿನಕ್ಕ ಇಡಾಕತ್ತೀ?" ಎಂದು ಕೇಳಿದರು ಇವರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕುಳಿತೆವು. ಮೂವತ್ತೊಂದನೆಯ ಪ್ರಯತ್ನ. ಡೈರಿಯಲ್ಲಿ ಬದಲಾವಣೆಯ ಮನೆಯಲ್ಲಿ ಒಂದೇ ಪದ ಬರೆದೆ: ಅಮೃತ. ಇವರು ಮಾರ್ಕರಿನ ನಕ್ಷೆಯ ಹತ್ತಿರ ನಿಂತು ಬೆರಳಿನಿಂದ ಗೆರೆ ಮುಟ್ಟುತ್ತ ಸರದಿ ಹೇಳಿದರು, ನಾನು ಗುಂಡಿ ಒತ್ತಿದೆ. ಐದಕ್ಕೆ ಕವಚ, ಏಳಕ್ಕೆ ವಿಷ, ಹನ್ನೆರಡಕ್ಕೆ ಬಾಣ ಮೀಸಲು. ಮುದುಕಿ ಎದ್ದು ನಿಂತಳು. ಬಿರುಗಾಳಿ ಬಂತು. ನಾಲ್ವರೂ ಒಂದು ಉಸಿರಿಗೆ ಬಂದರು. ಕಬ್ಬಿಣದ ಬೂಟಿನ ವೈದ್ಯ ಎಲ್ಲರಿಗಿಂತ ಕೊನೆಗೆ ಹೆಜ್ಜೆ ಮುಂದಿಟ್ಟ. ನಾನು ಮೊದಲ ಸೀಸೆ ತೆರೆದೆ. ತೆರೆದ ಕೂಡಲೇ ಉಳಿದದ್ದು ಇಪ್ಪತ್ತಾರು ಎಂದು ಎಣಿಸಿದೆ, ಸುಳ್ಳು ಹೇಳುವುದಿಲ್ಲ. ಎರಡನೆಯದಕ್ಕೆ ಎಣಿಕೆ ಬಿಟ್ಟೆ. ಒಂಬತ್ತನೆಯ ಸೀಸೆಗೆ ಮುದುಕಿ ಕುಸಿದಳು, ಕೀಲಿಗೊಂಚಲು ಕೆಳಗೆ ಬಿತ್ತು. ಇನ್ನೂ ಹದಿನೆಂಟು ಉಳಿದಿದ್ದವು.

ಬಾಗಿಲು ತೆರೆಯಿತು. ಒಳಗೆ ಒಂದು ಸಣ್ಣ ಕೋಣೆ, ಒಂದು ಕುರ್ಚಿ, ಒಂದು ಕಿಟಕಿ. ಹೊನ್ನಿಲ್ಲ, ಕತ್ತಿಯಿಲ್ಲ. ಕಿಟಕಿಯಾಚೆ, ತಂಡ ಆಟದುದ್ದಕ್ಕೂ ತಿರುಗಿದ ಊರುಗಳೆಲ್ಲ ದೂರದಲ್ಲಿ ಸಣ್ಣಸಣ್ಣದಾಗಿ ಕಾಣುತ್ತಿದ್ದವು. ಮೊದಲು ಮಲಗಿದ ಧರ್ಮಶಾಲೆ, ಕಳ್ಳ ಸಿಕ್ಕ ಸೇತುವೆ, ಒಂದೊಂದು ಮನೆಯ ಹೊಗೆ. ಯಾರೋ ಬಹಳ ತಾಳ್ಮೆಯಿಂದ ಬರೆದಿದ್ದ ಚಿತ್ರ.

ಇವರು ಟಿವಿಯಿಂದ ಗೇಣಿನಷ್ಟು ದೂರದಲ್ಲಿ ಮಂಡಿಯೂರಿ ಕುಳಿತರು. ಮುಖವನ್ನು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು.

"ನೀಲಿ ಐತಿ," ಎಂದರು. "ಮ್ಯಾಲ ನೀಲಿ, ಕೆಳಗ ಕಂದು. ನಡುವ ಏನ್ ಐತಿ?"

ನಾನು ಹೇಳತೊಡಗಿದೆ. ಸೇತುವೆ ಎಡಗಡೆ, ಹೆಬ್ಬೆರಳಿನಷ್ಟು. ಧರ್ಮಶಾಲೆ ಅದರ ಮೇಲೆ, ಹಂಚು ಕೆಂಪು. ಅಳತೆ ಹೇಳಿದೆ, ಬಣ್ಣ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ನಾನೇ ತೆರೆದು ನೋಡುತ್ತೇನೆ ಎಂದು ಅವರು ಮೂರು ತಿಂಗಳು ಕಾದಿದ್ದ ಬಾಗಿಲು ಅದು.

ರಾತ್ರಿ ಅವರು ಮಲಗಲು ಹೋದ ಮೇಲೆ ನಾನು ಗೋಡೆಯ ನಕ್ಷೆಗಳನ್ನು ಬಿಡಿಸಿದೆ. ಸುಣ್ಣ ಕಿತ್ತುಬಂತು. ಮಾರ್ಕರಿನದು, ಸ್ಕೆಚ್ ಪೆನ್ನಿನದು, ಬಾಲ್‌ಪೆನ್ನಿನದು, ಪೆನ್ಸಿಲಿನವು ಎಂದು ಒಂದರ ಪಕ್ಕ ಒಂದು ಇಡುತ್ತ ಹೋದೆ. ಮೂರು ತಿಂಗಳಲ್ಲಿ ಒಂದು ಕಣ್ಣು ಹೋದ ಬಗೆ ನೆಲದ ಮೇಲೆ ಸಾಲಾಗಿ ಬಿದ್ದಿತ್ತು. ಮೊದಲ ನಕ್ಷೆಯ ಕೆಳಮೂಲೆಯಲ್ಲಿ ಸಾಸಿವೆಯಂಥ ಅಕ್ಷರದ ಒಂದು ಟಿಪ್ಪಣಿಯಿತ್ತು. ನಾನು ಆವರೆಗೆ ಓದಿರಲಿಲ್ಲ. ಮುದುಕಿಯ ಏಟಿನ ಬಲ ನಾಲ್ಕು ಸರದಿಗೊಮ್ಮೆ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ, ಇಪ್ಪತ್ತರ ನಂತರ ಸೊಪ್ಪಿನ ರಸ ಸಾಲದು ಎಂದು ಬರೆದಿದ್ದರು. ಅದರ ಕೆಳಗೆ: "ಅಮೃತ, ೯ ಸೀಸೆ. ಅವಳನ್ನು ಕೇಳಬೇಕು."

ಕೇಳಿದ್ದರು. ಆಗ ನೆನಪಾಯಿತು. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಒಂಬತ್ತು ಸೀಸೆ ಕೊಡ್ತೀಯೇನು ಎಂದು ಕೇಳಿದ್ದರು, ಈಗೇ ಯಾಕರಿ ಎಂದು ತಲೆಯೆತ್ತದೆ ಹೇಳಿದ್ದೆ. ಅವರು ಮತ್ತೆ ಕೇಳಲಿಲ್ಲ. ಆ ದಿನ ಅವರು ಟಿವಿಯ ಅಕ್ಷರಗಳನ್ನು ಸೋಫಾದಿಂದಲೇ ಓದುತ್ತಿದ್ದರು. ಆ ದಿನ ಕೊಟ್ಟಿದ್ದರೆ ಸೇತುವೆ, ಧರ್ಮಶಾಲೆ, ಹೊಗೆ, ಎಲ್ಲವನ್ನೂ ಅವರ ಕಣ್ಣೇ ನೋಡುತ್ತಿತ್ತು. ನನ್ನ ಕೆಲಸದಲ್ಲಿ ಮೂವತ್ತು ವರ್ಷ ಕೂದಲೆಳೆಯ ತಪ್ಪು ಹಿಡಿದವಳು ನಾನು. ಇದು ಕಾಣಲಿಲ್ಲ. ಅಷ್ಟು ನಾಚಿಕೆ ನನಗೆ ಮೊದಲು ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಾಜಿನ ಕಪಾಟಿನಿಂದ ಹೂವಿನ ಕಪ್ಪು ತೆಗೆದು ಚಹಾ ಕೊಟ್ಟೆ. ಹಿಡಿಕೆ ಸಣ್ಣದು, ಬೆರಳು ಹೋಗುವುದಿಲ್ಲ ಎಂದರು. ಅದು ನನಗೂ ಆಗಲೇ ಗೊತ್ತಾದದ್ದು. ಆಫೀಸಿಗೆ ಹೋಗಿ ನಲವತ್ತು ದಿನದ ಗಳಿಕೆ ರಜೆಗೆ ಅರ್ಜಿ ಬರೆದೆ. ಕಾರಣದ ಮುಂದೆ ಗೋಲ್ಕೊಂಡಾ ಎಂದು ತುಂಬಿದೆ. ನಮ್ಮ ಆಫೀಸರು ಅರ್ಜಿಯನ್ನು ಎರಡು ಸಲ ಓದಿದರು. ಅವರು ತೆಲುಗಿನವರು.

"ಇಂಟ್ಲೋ ಅಂತಾ ಬಾಗುನ್ನಾರಾ ಅಮ್ಮಾ?" ಎಂದು ಕೇಳಿದರು. ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದು.

ಚೆನ್ನಾಗಿರುವಾಗಲೇ ಹೋಗಬೇಕು ಎಂದೆ. ಗೋಲ್ಕೊಂಡಾಕ್ಕೆ ಅರ್ಧ ದಿನ ಸಾಕಲ್ಲ ಎಂದರು. ಅದಾದ ಮೇಲೆ ಇನ್ನೂ ಬೇರೆ ಕಡೆಗಳಿವೆ, ಬೀದರಿದೆ, ವಿಜಯಪುರವಿದೆ ಎಂದೆ. ಅವರು ಸಹಿ ಮಾಡಿದರು.

ಗೋಲ್ಕೊಂಡಾಕ್ಕೆ ಹೋದದ್ದು ವಾರದ ನಡುವಿನ ಒಂದು ದಿನ, ಬಿಸಿಲು ಏರುವ ಮೊದಲು. ನನ್ನ ಮೊಣಕೈ ಹಿಡಿದು ಮೆಟ್ಟಿಲು ಎಣಿಸುತ್ತ ಹತ್ತಿದರು. ಮೇಲೆ ಹೋಗಿ ಗೋಡೆಯ ಅಂಚಿಗೆ ಕುಳಿತೆವು. ದೂರದಲ್ಲಿ ಗೋರಿಗಳ ಗುಮ್ಮಟಗಳಿದ್ದವು. ಇವರು ಮುಖ ಹೊರಳಿಸಿ ಹೊರಳಿಸಿ ನೋಡಿದರು. ಚೀಲದಿಂದ ಹಾಳೆ ತೆಗೆದು ಮಾರ್ಕರಿನಲ್ಲಿ ಒಂದು ಉದ್ದ ಗೆರೆ ಎಳೆದರು, ಏರಿ ಇಳಿದು ಏರಿ ಇಳಿದು. ಬಾಗು ಸರಿಯಾಗಿತ್ತು.

"ಅಂಚು ನಂದು," ಎಂದರು. "ಒಳಗಿಂದು ನೀ ಹೇಳು."

ನಾನು ಹೇಳುವ ಬದಲು ಆ ಟಿಪ್ಪಣಿಯ ಮಾತು ತೆಗೆದೆ. ಓದಿದೆ ಎಂದೆ. ಅವತ್ತು ಕೊಟ್ಟಿದ್ದರೆ ನೀವೇ ನೋಡುತ್ತಿದ್ದಿರಿ ಎಂದೆ. ತಪ್ಪಾಯಿತು ಎಂದು ನನ್ನ ಬಾಯಲ್ಲಿ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಅವರು ಮಾರ್ಕರಿನ ಮುಚ್ಚಳ ಹಾಕಿದರು. "ಅವತ್ತ ಕೊಟ್ಟಿದ್ರ ಮರುದಿನಾನ ಗೆದ್ದು ಬಿಡ್ತಿದ್ವಿ. ಆಮ್ಯಾಲ ನೀ ಐದಕ್ಕ ಬಂದು ನನ್ನ ಬಾಜೂಕ ಕುಂದ್ರತಿದ್ದೇನು?"

ಸಮಾಧಾನಕ್ಕೆ ಹೇಳಿದ ಮಾತು ಎಂದು ನನಗೆ ಗೊತ್ತು. ಅದರಲ್ಲಿ ಸ್ವಲ್ಪ ನಿಜವಿತ್ತು ಎಂಬುದೂ ಗೊತ್ತು. ನಾನು ಮೂಗು ಒರೆಸಿಕೊಂಡು, ಕೆಳಗೆ ಹೋಗಿ ಊಟ ಮಾಡೋಣ ನಡೆಯಿರಿ ಎಂದು ಏಳಲು ಹೋದೆ. ಸ್ವಲ್ಪ ತಡಿ ಎಂದು ಕೈ ಹಿಡಿದರು. ನನ್ನ ಕಡೆ ತಿರುಗಿ, ನನ್ನ ಎಡಗಿವಿಯ ಆಚೆ ಎಲ್ಲೋ ನೋಡತೊಡಗಿದರು. ಬಿಸಿಲು ಏರುತ್ತಿತ್ತು, ಕಲ್ಲು ಕಾಯುತ್ತಿತ್ತು. ಅವರು ನೋಡಿ ಮುಗಿಸುವವರೆಗೂ ನಾನು ಅಲುಗಾಡದೆ ಕುಳಿತೆ.